ಹೆಸರಿನ ಪಟ್ಟಿಯ ಮೊದಲ ಸಾಲು

ಆ ಪ್ರೋಗ್ರಾಮ್ ಬರೆದವಳು ನಾನಲ್ಲ. ಗಿರಿಜಾ ಬರೆದಳು. ಹರಿಹರದ ಒಂದು ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದ ಗಿರಿಜಾ, ಎಸ್ಸೆಸ್ಸೆಲ್ಸಿಯವರೆಗೆ ಮಾತ್ರ ಓದಿದ, ಅದೂ ಕನ್ನಡ ಮೀಡಿಯಂನಲ್ಲಿ ಓದಿದ ಗಿರಿಜಾ. ಅದರ ಮೇಲೆ ಮೊದಲ ಸಾಲಿನಲ್ಲಿ ಇವತ್ತಿಗೂ ನನ್ನ ಹೆಸರಿದೆ. ಅದನ್ನು ಅಲ್ಲಿ ಟೈಪ್ ಮಾಡಿದ ಬೆರಳುಗಳು ನನ್ನವೇ.

ಇಷ್ಟು ಬರೆಯುವಷ್ಟರಲ್ಲಿ ಕೈ ನಡುಗಿ ಎರಡು ಸಲ ಪೆನ್ ಕೆಳಗಿಟ್ಟೆ. ವಯಸ್ಸಿನ ನಡುಕ ಅಂತ ಮನೆಯವರು ತಿಳಿದುಕೊಂಡಿದ್ದಾರೆ. ನನಗೆ ಗೊತ್ತು, ಇದು ಯಾವ ನಡುಕ ಅಂತ. ಇಪ್ಪತ್ತೈದು ವರ್ಷಕ್ಕೂ ಮೀರಿ ಜೊತೆಗೇ ಇದೆ. ಫೋನ್ ರಿಂಗಾದರೆ ಬರುತ್ತದೆ, ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿದರೆ ಬರುತ್ತದೆ.

ದಾವಣಗೆರೆಯ ಮಂಡಿಪೇಟೆಯಲ್ಲಿ ನಮ್ಮ ಯಜಮಾನರ ಬಟ್ಟೆ ಅಂಗಡಿ. ಅದರ ಮೇಲಿನ ಮಹಡಿಯಲ್ಲಿ ನನ್ನ ಟೈಪಿಂಗ್ ಇನ್‌ಸ್ಟಿಟ್ಯೂಟ್. ಕಾನ್ವೆಂಟಿನಲ್ಲಿ ಓದಿದವಳು ನಾನು. ಸಿಸ್ಟರ್‌ಗಳು ಸ್ಕೇಲಿನಿಂದ ಹೊಡೆದು ಕಲಿಸಿದ ಇಂಗ್ಲಿಷು, ಆ ಇಂಗ್ಲಿಷಿನ ಜಂಬ — ಎರಡೂ ನನ್ನಲ್ಲಿ ಗಟ್ಟಿಯಾಗಿ ಉಳಿದಿದ್ದವು. ತೊಂಬತ್ತರ ದಶಕದ ಕೊನೆಗೆ ಟೈಪ್‌ರೈಟರ್ ಕಲಿಯುವವರು ಒಬ್ಬೊಬ್ಬರೇ ಬಿಟ್ಟು ಹೋದರು. ಕಂಪ್ಯೂಟರ್ ತಂದೆ. ತಂದೆನೇ ಹೊರತು ಅದರ ಮುಂದೆ ಕೂರಲು ನನಗೆ ಹೆದರಿಕೆ. ಐವತ್ತೆರಡರ ಹೆಂಗಸು, ಒಂದು ಕೀ ತಪ್ಪಿ ಒತ್ತಿದರೆ ಎಲ್ಲಾ ಅಳಿಸಿ ಹೋಗುತ್ತದೆಯೇನೋ ಅಂತ ಉಸಿರು ಹಿಡಿದು ಕೂರುತ್ತಿದ್ದೆ. ಊರಿಗೆ ಇಂಟರ್‌ನೆಟ್ ಬಂತು. ಕಾಲೇಜಿನವರು, ಅಕ್ಕಿ ಗಿರಣಿಯವರು, ನರ್ಸಿಂಗ್ ಹೋಮಿನವರು, "ನಮಗೊಂದು ವೆಬ್ ಪೇಜ್ ಮಾಡಿಕೊಡ್ರಿ, ಕನ್ನಡದಾಗೂ ಇರ್ಲಿ" ಅಂತ ಬರತೊಡಗಿದರು. ಒಪ್ಪಿಕೊಂಡೆ. ಹೇಗೆ ಮಾಡುವುದೆಂದು ಗೊತ್ತಿರಲಿಲ್ಲ.

ಊರಿನ ಎಂಜಿನಿಯರಿಂಗ್ ಕಾಲೇಜಿನ ಲೆಕ್ಚರರ್ ಒಬ್ಬರು, ಶಿವಕುಮಾರ್, ನನಗೆ ಒಂದು ಸಾಫ್ಟ್‌ವೇರ್ ಫ್ಲಾಪಿಗಳಲ್ಲಿ ತಂದುಕೊಟ್ಟರು. ಲೇಖನ ಬರೆದು ಒಳಗೆ ಹಾಕಿದರೆ ತಾನೇ ತಲೆಬರಹ ಇಟ್ಟು, ಪುಟ ಕಟ್ಟಿ, ಪರಿವಿಡಿ ಮಾಡಿ ವೆಬ್‌ಗೆ ಏರಿಸುವಂಥದ್ದು. ಯಾವ ಕಂಪನಿಯದೂ ಅಲ್ಲ. ಬೇರೆ ಬೇರೆ ದೇಶದ, ಒಬ್ಬರ ಮುಖ ಒಬ್ಬರು ನೋಡದ ಜನ ಸೇರಿ ಬರೆದದ್ದು. "ಮೇಡಂ, ಇದರ ಹೊಟ್ಟೆ ಬಿಚ್ಚಿ ನೋಡಬಹುದು. ಕೆಟ್ಟರೆ ಯಾವ ಕಂಪನಿಯ ಬಾಗಿಲಲ್ಲೂ ನಿಲ್ಲೋದು ಬೇಕಿಲ್ಲ, ನಾವೇ ರಿಪೇರಿ ಮಾಡ್ಕೋಬಹುದು. ಮಾಡಿದ್ದನ್ನ ಉಳಿದವರಿಗೂ ಕಳಿಸಬೇಕು, ಅಷ್ಟೇ" ಅಂದರು ಅವರು. ನಮ್ಮಂಥ ಸಣ್ಣ ಊರಿನ ವೆಬ್ ಕೆಲಸದವರಿಗೆ ಅದು ಎಂಥ ಧೈರ್ಯ ಅಂತ ಈಗಿನವರಿಗೆ ಹೇಳಿದರೆ ಅರ್ಥವಾಗಲಿಕ್ಕಿಲ್ಲ. ಇನ್ನೊಂದು ಕಟ್ಟಳೆಯನ್ನೂ ಅವರೇ ಹೇಳಿದರು. ಪ್ರತಿ ಫೈಲಿನ ತಲೆಯ ಮೇಲೆ ಹೆಸರಿನ ಪಟ್ಟಿ ಇರುತ್ತದೆ. ಬರೆದವರದು ಮೊದಲ ಸಾಲು. ಆಮೇಲೆ ತಿದ್ದಿದವರು ಬಂದ ಕ್ರಮದಲ್ಲಿ ಕೆಳಗೆ, ಒಬ್ಬರಾದ ಮೇಲೆ ಒಬ್ಬರು. ಯಾರ ಹೆಸರನ್ನೂ ಯಾರೂ ಅಳಿಸುವಂತಿಲ್ಲ. ಸಂಬಳವಿಲ್ಲದ ಆ ಲೋಕದಲ್ಲಿ ಅವರಿಗೆ ಸಿಗುತ್ತಿದ್ದದ್ದು ಆ ಒಂದು ಸಾಲು.

ಗಿರಿಜಾ ನನ್ನಲ್ಲಿಗೆ ಬಂದದ್ದು ಆ ವರ್ಷವೇ. ಪ್ರೆಸ್ಸಿನವರು ಅಚ್ಚುಮೊಳೆಯ ಕೆಲಸ ನಿಲ್ಲಿಸುವ ಮಾತಾಡುತ್ತಿದ್ದರು. ಕಂಪ್ಯೂಟರ್ ಕಲಿಯದಿದ್ದರೆ ಅವಳಿಗೆ ಅಲ್ಲಿ ಜಾಗವಿಲ್ಲ. ಮಧ್ಯಾಹ್ನ ಮೂರಕ್ಕೆ ಹರಿಹರದಿಂದ ಬಸ್ಸಿನಲ್ಲಿ ಬರುತ್ತಿದ್ದಳು, ಬೆರಳ ತುದಿಯಲ್ಲಿ ತೊಳೆದರೂ ಹೋಗದ ಮಸಿ. ನಾನು ಹೆದರುತ್ತಿದ್ದ ಯಂತ್ರಕ್ಕೆ ಅವಳು ಹೆದರಲೇ ಇಲ್ಲ. "ಟೀಚರ್, ಇದು ನಮ್ಮ ಸೋದರಮಾವ ಇದ್ದಂಗ ಐತಿ ನೋಡ್ರಿ. ಕೂಗಿದ್ರೆ ಏಳಂಗಿಲ್ಲ, ಸುಮ್ನೆ ಕುಂತು ಕಾದ್ರೆ ತಾನಾಗೇ ಮಾತಾಡ್ತೈತೆ" ಅಂತ ನಗುತ್ತಿದ್ದಳು. ಒಂದು ವರ್ಷದಲ್ಲಿ ಆ ಸಾಫ್ಟ್‌ವೇರಿನ ಹೊಟ್ಟೆಯೊಳಗೆ ಏನೇನಿದೆ ಅಂತ ಬಾಯಲ್ಲಿ ಹೇಳುವಷ್ಟು ಕಲಿತಳು. ಕಾಗದದಲ್ಲಿ ಒಂದು ಇಂಗ್ಲಿಷ್ ವಾಕ್ಯ ಬರೆಯಲು ಬಾರದ ಹುಡುಗಿ — ಪ್ರೋಗ್ರಾಮಿನ ಆ ಭಾಷೆ ಅವಳಿಗೆ ಹೇಗೆ ಬಂತು, ನನಗೆ ಇಂದಿಗೂ ಆಶ್ಚರ್ಯ.

ಆಗಿನ ಕನ್ನಡ ಫಾಂಟುಗಳಲ್ಲಿ ಒಂದು ಅಕ್ಷರವೆಂದರೆ ಮೂರು ನಾಲ್ಕು ಚೂರು. ವೆಬ್ ಪುಟದಲ್ಲಿ ಸಾಲು ಮುರಿಯುವಾಗ ಚೂರುಗಳು ಬೇರೆಯಾಗಿ, ಒತ್ತಕ್ಷರ ಮುಂದಿನ ಸಾಲಿನ ತಲೆಯ ಮೇಲೆ ಹೋಗಿ ಕೂರುತ್ತಿತ್ತು. ಓದುವವರು ನಗುತ್ತಿದ್ದರು. ದೊಡ್ಡ ಊರಿನ ದೊಡ್ಡವರೂ ಇದಕ್ಕೆ ಪರಿಹಾರ ಕಂಡಿರಲಿಲ್ಲ. ಗಿರಿಜಾ ಕಂಡಳು. ಅವಳ ಪ್ರೋಗ್ರಾಮ್ ಪ್ರತಿ ಪದವನ್ನೂ ಕೊನೆಯಿಂದ ಹಿಂದಕ್ಕೆ ಓದಿ, ಯಾವ ಚೂರು ಯಾವುದಕ್ಕೆ ಸೇರಿದ್ದು ಅಂತ ತಿಳಿದು, ಅವನ್ನು ಬಿಡಿಸಲಾಗದ ಹಾಗೆ ಕಟ್ಟುತ್ತಿತ್ತು. ಹಿಂದಿನಿಂದ ಯಾಕೆ ಅಂತ ಕೇಳಿದ್ದೆ.

"ಮೊಳೆ ಜೋಡ್ಸೋದು ಮೊದ್ಲಿಂದ, ಟೀಚರ್. ಅಚ್ಚಾದಮ್ಯಾಲೆ ಬಿಚ್ಚಿ ಖಾನೆಗೆ ಹಾಕ್ತೀವಲ್ಲ, ಅದು ಕೊನೆಯಿಂದ. ಒತ್ತು ಮೊದ್ಲು ಕೈಗೆ ಬರ್ತೈತೆ, ಅದರ ಯಜಮಾನ ಯಾರು ಅಂತ ಆಮ್ಯಾಲೆ ಗೊತ್ತಾಗ್ತೈತೆ. ಈ ಡಬ್ಬಿಗೂ ಅದನ್ನೇ ಹೇಳಿಕೊಟ್ಟೀನಿ."

ಆ ಸಾಫ್ಟ್‌ವೇರಿನವರ ಪತ್ರವ್ಯವಹಾರವೆಲ್ಲ ಇಂಗ್ಲಿಷಿನಲ್ಲಿ, ಇಮೇಲಿನಲ್ಲಿ. ಅದನ್ನು ಬರೆಯುವವಳು ನಾನು. ವಿಳಾಸ ನನ್ನದು, ಸಹಿ ನನ್ನದು. ಮೊದಮೊದಲು "ವಿ" ಅಂತ ಬರೆಯುತ್ತಿದ್ದೆ, ನಾವು ಅಂತ. ಯಾವ ಕಾಗದದಿಂದ ಅದು "ಐ" ಆಯಿತು, ನೆನಪಿಲ್ಲ. ಸುಳ್ಳು. ನೆನಪಿದೆ. ಹಿಂದಿನಿಂದ ಓದುವ ಉಪಾಯವನ್ನು ವಿವರಿಸಿದ್ದಕ್ಕೆ ಯಾವುದೋ ದೇಶದಿಂದ ಒಬ್ಬ "ಡಿಯರ್ ಮಿಸೆಸ್ ವಿಮಲಾ, ವಾಟ್ ಎ ಬ್ಯೂಟಿಫುಲ್ ಮೈಂಡ್ ಯು ಹ್ಯಾವ್" ಅಂತ ಬರೆದಿದ್ದ. ಅದನ್ನು ಮೂರು ಸಲ ಓದಿದೆ. ಟೈಪಿಂಗ್ ಕಲಿಸಿ ಕಲಿಸಿ ಸವೆದ ಜೀವಕ್ಕೆ ಯಾರೂ ಹಾಗೆ ಅಂದಿರಲಿಲ್ಲ. ಗಿರಿಜಾ ಕೇಳಿದಾಗ, "ಚೆನ್ನಾಗಿದೆ ಅಂದಿದಾರೆ" ಅಂತಷ್ಟೇ ಹೇಳಿದೆ.

ಫೈಲು ಕಳಿಸುವ ದಿನ ಅವಳು ಬಸ್ಸಿಗೆ ಹೊರಟು ನಿಂತಿದ್ದಳು. ಫೈಲಿನ ತಲೆಯ ಮೇಲಿನ ಸಾಲುಗಳು ಖಾಲಿ ಇದ್ದವು. "ಹೆಸರು ಗಿಸರು ಇಂಗ್ಲಿಷಿನಾಗ ನೀವೇ ಹಾಕಿ ಕಳಿಸ್ರಿ ಟೀಚರ್" ಅಂದು ಮೆಟ್ಟಿಲಿಳಿದಳು. ನಾನು ನನ್ನ ಹೆಸರು ಟೈಪ್ ಮಾಡಿದೆ. ಕೆಳಗೆ ಅವಳದು ಹಾಕಬೇಕು ಅನ್ನುವಷ್ಟರಲ್ಲಿ — ಲೈನ್ ಪದೇ ಪದೇ ಕಟ್ ಆಗುತ್ತಿತ್ತು, ಸಿಕ್ಕಾಗ ಕಳಿಸಿಬಿಡಬೇಕಿತ್ತು ಅಂತ ಹೇಳಿಕೊಳ್ಳಬಹುದು. ಎಷ್ಟೋ ವರ್ಷ ಹಾಗೇ ಹೇಳಿಕೊಂಡೆ. ಇಂಗ್ಲಿಷಿನಲ್ಲಿ ಗಿರಿಜಾ ಅಂದರೆ ಆರು ಅಕ್ಷರ. ಆರು ಅಕ್ಷರ ಹೊಡೆಯಲು ಒಬ್ಬ ಟೈಪಿಂಗ್ ಟೀಚರಿಗೆ ಎಷ್ಟು ಹೊತ್ತು ಬೇಕು?

ಕೆಲವು ತಿಂಗಳಾದ ಮೇಲೆ ಶಿವಕುಮಾರ್ ಓಡೋಡಿ ಬಂದರು. ಈ ಸಾಫ್ಟ್‌ವೇರ್ ಬಳಸುವ ನಮ್ಮ ರಾಜ್ಯದವರೆಲ್ಲ ಒಂದು ಕಡೆ ಸೇರಬೇಕೆಂದಿದ್ದಾರೆ; ಬೆಂಗಳೂರಿನವರಿಗೂ ಹುಬ್ಬಳ್ಳಿಯವರಿಗೂ ನಡುವೆ ಅಂತ ದಾವಣಗೆರೆಯನ್ನೇ ಆರಿಸಿದ್ದಾರೆ. ಎರಡು ದಿನ, ಅವರ ಕಾಲೇಜಿನ ಸಭಾಂಗಣದಲ್ಲಿ. "ಮೇಡಂ, ಎಲ್ಲರೂ ನಿಮ್ಮನ್ನ ನೋಡಬೇಕಂತೆ. ಕನ್ನಡದ ಭಾಗದ ಬಗ್ಗೆ ನೀವೇ ಮಾತಾಡಬೇಕು."

ಆಗ ಹೇಳಬಹುದಿತ್ತು. ಶಿವಕುಮಾರ್ ಒಳ್ಳೆಯ ಮನುಷ್ಯ, ನಕ್ಕು ಸರಿಪಡಿಸುತ್ತಿದ್ದರು. ನಾನು ಡೈರಿ ತೆಗೆದು ತಾರೀಕು ಗುರುತು ಹಾಕಿಕೊಂಡೆ.

ಗಿರಿಜಾಗೆ ವಿಷಯ ಹೇಗೋ ತಿಳಿದಿತ್ತು. "ನಾನೂ ಬರ್ಲಾ ಟೀಚರ್? ಹಿಂದೆ ಕುಂತು ಕೇಳ್ತೀನಿ" ಅಂದಳು. ನಾನು ಅವಳ ಮುಖ ನೋಡದೆ ಹೇಳಿದೆ: "ಅದು ಎಂಜಿನಿಯರ್‌ಗಳಿಗೆ ಮಾತ್ರ ಕಣೇ. ಡಿಗ್ರಿ ಇಲ್ಲದಿದ್ದರೆ ಒಳಗೆ ಬಿಡಲ್ಲ. ಎಲ್ಲಾ ಇಂಗ್ಲಿಷಿನಲ್ಲೇ."

"ಹೌದಾ" ಅಂದಳು.

ಆ ಸಭೆಯ ಕರಪತ್ರ ಅಚ್ಚಾದದ್ದು ಹರಿಹರದ ಅದೇ ಪ್ರೆಸ್ಸಿನಲ್ಲಿ. ಮೊಳೆ ಜೋಡಿಸಿ, ಪ್ರೂಫ್ ತಿದ್ದಿದ್ದು ಗಿರಿಜಾ. "ಎಲ್ಲರಿಗೂ ಪ್ರವೇಶವಿದೆ, ಯಾವ ಪದವಿಯೂ ಬೇಕಿಲ್ಲ" ಅನ್ನುವ ಸಾಲನ್ನು ಮೊಳೆ ಮೊಳೆಯಾಗಿ ಅವಳೇ ಜೋಡಿಸಿದ್ದಳು. ನಾನು ಸುಳ್ಳು ಹೇಳಿದಾಗ ಅವಳಿಗೆ ಅದು ಸುಳ್ಳೆಂದು ಗೊತ್ತಿತ್ತು. ನನಗೆ ಮಾತ್ರ ಕರಪತ್ರ ಕೈಗೆ ಬಂದು, ಕೆಳಗೆ ಸಣ್ಣಕ್ಷರದಲ್ಲಿ ಪ್ರೆಸ್ಸಿನ ಹೆಸರು ಓದಿದ ಮೇಲೆಯೇ ಗೊತ್ತಾದದ್ದು. ಅವತ್ತಿನಿಂದ ಸಭೆಯ ದಿನದವರೆಗೆ ನಾನು ಸರಿಯಾಗಿ ಊಟ ಮಾಡಲಿಲ್ಲ.

ಆ ಸಭೆ ಹೇಗಿತ್ತು ಅಂತ ಹೇಳಬೇಕು — ಅದನ್ನು ಹೇಳದಿದ್ದರೆ ನನ್ನ ತಪ್ಪಿನ ಗಾತ್ರ ತಿಳಿಯುವುದಿಲ್ಲ. ಅರವತ್ತೋ ಎಪ್ಪತ್ತೋ ಜನ. ಎತ್ತರದ ವೇದಿಕೆ ಇಲ್ಲ, ಹಾರವಿಲ್ಲ. ಇಮೇಲಿನಲ್ಲಿ ವರ್ಷಗಟ್ಟಲೆ ಪರಸ್ಪರ ಸಹಾಯ ಮಾಡಿದವರು ಮೊದಲ ಸಲ ಮುಖ ನೋಡಿ, "ಓ, ಅದು ನೀವೇನಾ!" ಅಂತ ತಬ್ಬಿಕೊಳ್ಳುತ್ತಿದ್ದರು. ಬೆಂಗಳೂರಿನ ಒಬ್ಬ, "ಸಾಫ್ಟ್‌ವೇರ್‌ಗಿಂತ ಬೆಣ್ಣೆ ದೋಸೆಗೆ ಬಂದವರೇ ಜಾಸ್ತಿ ಕಣ್ರೀ" ಅಂತ ನಗಿಸುತ್ತಿದ್ದ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಲು ಅಲ್ಲಿ ಯಾರಿಗೂ ನಾಚಿಕೆಯಿರಲಿಲ್ಲ. ಸೈಕಲ್ ಅಂಗಡಿಯವನೊಬ್ಬ ಎದ್ದು ತಾನು ಕಂಡುಹಿಡಿದ ತಪ್ಪೊಂದನ್ನು ತೋರಿಸಿದ. ದೊಡ್ಡ ಆಫೀಸಿನವರು ಪುಸ್ತಕ ತೆಗೆದು ಬರೆದುಕೊಂಡರು. ಡಿಗ್ರಿ ಯಾರೂ ಕೇಳಲಿಲ್ಲ. ಕಾನ್ವೆಂಟಿನ ಕಾಲದಿಂದ ನಾನು ಬಲ್ಲ ಲೋಕದಲ್ಲಿ ಗೊತ್ತಿಲ್ಲದವರಿಗೆ ಸ್ಕೇಲಿನ ಏಟು ಬೀಳುತ್ತಿತ್ತು. ಇಲ್ಲಿ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸುತ್ತಿದ್ದರು. ಆ ಜನರ ನಂಬಿಕೆ ನೋಡಿ ನನ್ನ ಹೆದರಿಕೆ ಇನ್ನೂ ಹೆಚ್ಚಾಯಿತು. ಬಾಗಿಲು ತೆರೆದಾಗಲೆಲ್ಲ ಕುತ್ತಿಗೆ ತಿರುಗಿಸಿ ನೋಡುತ್ತಿದ್ದೆ.

ಎರಡನೆಯ ದಿನ ನನ್ನ ಸರದಿ. ಬರೆದುಕೊಂಡು ಹೋಗಿದ್ದ ಇಂಗ್ಲಿಷ್ ಭಾಷಣ ಓದಿ ಮುಗಿಸಿದೆ. ಚಪ್ಪಾಳೆ. ಆಮೇಲೆ ಮೈಸೂರಿನ ಲತಾ ಅನ್ನುವ ಹೆಣ್ಣುಮಗಳು ಎದ್ದಳು. ಅಲ್ಲಿ ಸ್ವಂತ ವೆಬ್ ಆಫೀಸ್ ನಡೆಸುತ್ತಿದ್ದವಳು. "ಮೇಡಂ, ಒಂದೇ ಒಂದು ಡೌಟು. ನಾವೆಲ್ಲ ಪದವನ್ನ ಮುಂದಿನಿಂದ ಓದಿ ಓದಿ ಸೋತ್ವಿ. ಹಿಂದಿನಿಂದ ಓದಬೇಕು ಅಂತ ನಿಮಗೆ ಹೊಳೆದದ್ದಾದರೂ ಹೇಗೆ?"

ಉತ್ತರ ನನಗೆ ಗೊತ್ತಿತ್ತು. ಮೊಳೆ ಬಿಚ್ಚುವುದು ಕೊನೆಯಿಂದ. ಆದರೆ ಆ ಉತ್ತರದ ತುಂಬ ಮಸಿ ಹತ್ತಿದ ಇನ್ನೊಬ್ಬಳ ಬೆರಳುಗಳಿದ್ದವು. ಬಾಯಿ ಬಿಟ್ಟರೆ ಮುಂದಿನ ಪ್ರಶ್ನೆ, ನೀವು ಪ್ರೆಸ್ಸಿನಲ್ಲಿ ಇದ್ದಿರಾ ಅಂತ. ಅಷ್ಟರಲ್ಲಿ ಹಿಂದಿನ ಬಾಗಿಲ ಹತ್ತಿರ ಗಿರಿಜಾ ಕಂಡಳು. ಗೋಡೆಗೆ ಒರಗಿ ನಿಂತಿದ್ದಳು, ಎದೆಗೆ ವ್ಯಾನಿಟಿ ಬ್ಯಾಗ್ ಅವಚಿಕೊಂಡು. ಯಾವಾಗ ಬಂದಳೋ.

"ಇಟ್ ಈಸ್ ಸಿಂಪ್ಲಿ ಮೋರ್ ಎಫಿಶಿಯೆಂಟ್" ಅಂದೆ. ಆ ಮಾತಿಗೆ ಅರ್ಥವೇ ಇರಲಿಲ್ಲ. ಲತಾ ತಲೆಯಾಡಿಸಿ ಬರೆದುಕೊಂಡಳು. ಹೇಳಿದ್ದು ನಾನು ಅನ್ನುವ ಕಾರಣಕ್ಕೇ ಬರೆದುಕೊಂಡಳು.

ಟೀ ವಿರಾಮದಲ್ಲಿ ಮಂಡಕ್ಕಿ, ಮಿರ್ಚಿ ಇಟ್ಟಿದ್ದರು. ಲತಾ ತಟ್ಟೆ ಹಿಡಿದು ನನ್ನ ಹತ್ತಿರ ಬಂದಳು. ತನ್ನ ಆಫೀಸಿಗೆ ಕನ್ನಡದ ಕೆಲಸ ನೋಡಿಕೊಳ್ಳಲು ಇದನ್ನು ಬರೆದವರೇ ಬೇಕು, ಮೈಸೂರಿಗೆ ಬಂದರೂ ಸರಿ, ಕೂತಲ್ಲಿಂದ ಮಾಡಿದರೂ ಸರಿ ಅಂದಳು. ಗಿರಿಜಾ ಎರಡು ಹೆಜ್ಜೆ ಆಚೆ ನಿಂತಿದ್ದಳು. ಪ್ರೆಸ್ಸಿನಲ್ಲಿ ಅವಳಿಗೆ ಆ ತಿಂಗಳೇ ಕೊನೆ ಅಂತ ನನಗೆ ಗೊತ್ತಿತ್ತು. ಲತಾಳ ಕಣ್ಣು ಅವಳ ಕಡೆ ಹೊರಳಿತು. "ಇವರು?"

"ನನ್ನ ಸ್ಟೂಡೆಂಟ್" ಅಂದೆ. "ಹರಿಹರದ ಹುಡುಗಿ. ಸ್ವಲ್ಪ ಸ್ವಲ್ಪ ಕಲೀತಿದಾಳೆ."

ಗಿರಿಜಾ ನನ್ನನ್ನೇ ನೋಡಿದಳು. ಅವಳು ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಅಂತ ನನ್ನ ಕೈಯಲ್ಲಿದ್ದ ಟೀ ಲೋಟ ತುಳುಕಿ ಸೀರೆಯ ಮೇಲೆ ಚೆಲ್ಲಿತು.

"ಹೌದ್ರಿ" ಅಂದಳು ಲತಾಗೆ. "ಟೀಚರ್ ಹತ್ರಾನೇ ಕಲ್ತಿದ್ದು." ನನ್ನ ಕಡೆ ತಿರುಗಿ, "ಟೀಚರ್, ಸೀರೆ ನೋಡ್ಕಳ್ರಿ" ಅಂತ ತನ್ನ ಕರವಸ್ತ್ರ ಕೊಟ್ಟಳು.

ಮೈಸೂರಿನ ಕೆಲಸಕ್ಕೆ ನನಗೆ ವಯಸ್ಸಾಯಿತು ಅಂತ ಲತಾಗೆ ಹೇಳಿಬಿಟ್ಟೆ. ಪಕ್ಕದಲ್ಲಿ ನಿಂತವಳಿಗೆ ಇಪ್ಪತ್ತಾರು ವರ್ಷ.

ಹೊರಡುವಾಗ ಶಿವಕುಮಾರ್ ಬಂದವರಿಗೆಲ್ಲ ಸಾಫ್ಟ್‌ವೇರಿನ ಹೊಸ ಫ್ಲಾಪಿಗಳನ್ನು ಹಂಚಿದರು. ಗಿರಿಜಾಗೂ ಕೊಟ್ಟರು. ಅದರೊಳಗೆ ಅವಳ ಫೈಲಿತ್ತು — ಈ ಸಲ ತಲೆಯ ಮೇಲೆ ಹೆಸರಿನ ಪಟ್ಟಿಯ ಸಮೇತ. ಅಲ್ಲಿಯವರೆಗೆ ಅವಳು ಅದನ್ನು ನೋಡಿರಲಿಲ್ಲ.

ಆಮೇಲಿನ ಒಂದು ವಾರ ಹೇಗೆ ಕಳೆದೆನೋ. ನಮ್ಮದು ಮರದ ಮೆಟ್ಟಿಲು. ಯಾರು ಹತ್ತಿದರೂ ಕಿರುಗುಟ್ಟುತ್ತಿತ್ತು. ಪ್ರತಿ ಸಲವೂ ಎದ್ದು ನಿಲ್ಲುತ್ತಿದ್ದೆ. ಅವಳು ಶಿವಕುಮಾರರಲ್ಲಿಗೆ ಹೋಗಿ ಹೇಳಿಬಿಟ್ಟಿದ್ದರೆ? ನಮ್ಮ ಮಂದಿಗೆ, ನಮ್ಮ ಬೀದಿಗೆ ತಿಳಿದರೆ? ಯಜಮಾನರು, "ಯಾಕ, ಹುಷಾರಿಲ್ವಾ?" ಅಂತ ಕೇಳಿದರೆ ಬೆಚ್ಚಿ ಬೀಳುತ್ತಿದ್ದೆ. ನನಗೆ ಗಿರಿಜಾಳ ಬಗ್ಗೆ ಆಗ ಒಂದು ಸಲವೂ ಮರುಕ ಬರಲಿಲ್ಲ. ಬರೆಯಲು ಅತ್ಯಂತ ಕಷ್ಟವಾದ ಮಾತು ಇದು. ಇದ್ದದ್ದು ಬರೀ ಭಯ, ನನ್ನ ಬಗ್ಗೆ.

ಎಂಟನೆಯ ದಿನ ಮಧ್ಯಾಹ್ನ ಮೂರಕ್ಕೆ ಬಂದಳು. ಎಂದಿನಂತೆ ಚಪ್ಪಲಿ ಬಿಟ್ಟು, ಎಂದಿನ ಕುರ್ಚಿಯಲ್ಲಿ ಕೂತು, ಫ್ಲಾಪಿ ಹಾಕಿದಳು. "ಒಂದು ತಪ್ಪಿತ್ತು ಟೀಚರ್. ಅರ್ಕಾವತ್ತು ಬಂದಲ್ಲಿ ಒಂದೊಂದು ಸಲ ಕಟ್ಟು ಬಿಚ್ಚಿಕೊಳ್ತಿತ್ತು. ಸರಿ ಮಾಡೀನಿ. ಕಳಿಸ್ಬಿಡ್ರಿ."

ಸ್ಕ್ರೀನಿನ ಮೇಲೆ ಫೈಲು ತೆರೆಯಿತು. ಮೊದಲ ಸಾಲು, ನನ್ನ ಹೆಸರು. ಅದರ ಕೆಳಗೆ ಆ ತಿಂಗಳುಗಳಲ್ಲಿ ಅಷ್ಟಿಷ್ಟು ತಿದ್ದಿದ ನಾಲ್ವರು ಪರದೇಶದವರ ಹೆಸರು. ಎಲ್ಲಕ್ಕಿಂತ ಕೆಳಗೆ, ಆರನೆಯ ಸಾಲಿನಲ್ಲಿ, ಒಂದೊಂದೇ ಅಕ್ಷರ ಮೊಳೆ ಜೋಡಿಸಿದ ಹಾಗೆ ಒತ್ತಿದ್ದಿರಬೇಕು — ಇಂಗ್ಲಿಷಿನಲ್ಲಿ, ಗಿರಿಜಾ.

ನಾನು ಆ ಸಾಲನ್ನು ಎರಡು ಸಲ ಓದಿದೆ.

"ತಿದ್ದಿದವರು ಬಂದ ಕ್ರಮದಾಗೆ ಕೆಳಗೆ ಹಾಕ್ಕೋಬೇಕಂತಲ್ಲ ಟೀಚರ್. ಅದಕ್ಕೆ ಕೊನೀಗೆ ಹಾಕೀನಿ. ಸರಿ ಐತಲ್ಲ?"

ಸ್ವರದಲ್ಲಿ ಸಿಟ್ಟಿರಲಿಲ್ಲ. ನಿಜವಾಗಿ ಕೇಳುತ್ತಿರುವ ಹಾಗೆ ಕೇಳಿದಳು. ಉತ್ತರಕ್ಕಾಗಿ ಕಾದಳು ಕೂಡ.

"ಸರಿ ಇದೆ" ಅಂದೆ.

ಎದ್ದಳು. ಕುರ್ಚಿಯನ್ನು ಮೇಜಿನ ಕೆಳಗೆ ತಳ್ಳಿದಳು. "ಬರ್ತೀನ್ರಿ" ಅಂದಳು. ಮತ್ತೆ ಬರಲಿಲ್ಲ. ಅವಳು ತಿದ್ದಿದ ಫೈಲನ್ನು ಆ ಸಂಜೆಯೇ ಕಳಿಸಿದೆ. ಮೊದಲ ಸಾಲನ್ನು ಮುಟ್ಟಲಿಲ್ಲ. ಮುಟ್ಟಿದ್ದರೆ ಯಾಕೆಂದು ಕೇಳುತ್ತಿದ್ದರು.

ಗಿರಿಜಾ ಈಗಲೂ ಹರಿಹರದಲ್ಲೇ ಇದ್ದಾಳೆ. ತಾಲ್ಲೂಕು ಆಫೀಸಿನ ಎದುರು ಜೆರಾಕ್ಸ್ ಅಂಗಡಿ. ಜನರಿಗೆ ಅರ್ಜಿ ತುಂಬಿಕೊಡುತ್ತಾಳೆ. ಒಂದು ಸಲ ಹರಿಹರೇಶ್ವರನ ಗುಡಿಯಿಂದ ಬರುವಾಗ ದೂರದಿಂದ ಕಂಡಳು. ನಾನು ಪಕ್ಕದ ಬಳೆ ಅಂಗಡಿಗೆ ನುಗ್ಗಿ, ಬೇಡದ ಬಳೆ ಕೇಳುತ್ತಾ ನಿಂತೆ. ಅವಳು ವೆಬ್ ಪುಟ ಕಟ್ಟುವ ಕೆಲಸಕ್ಕೆ ಮತ್ತೆ ಹೋಗಲಿಲ್ಲ ಅಂತ ಶಿವಕುಮಾರರಿಂದ ಕೇಳಿದೆ. "ಒಳ್ಳೆ ಕೈ ಇತ್ತು ಆ ಹುಡುಗಿಗೆ, ನೀವು ಕಲಿಸಿದ್ದು ವ್ಯರ್ಥ ಆಯ್ತು ನೋಡಿ" ಅಂದರು ಅವರು. ಆಗಲೂ ಸುಮ್ಮನಿದ್ದೆ.

ಹೋದ ತಿಂಗಳು ಲತಾಳಿಂದ ಪತ್ರ ಬಂದಿದೆ. ಅಂದು ಸೇರಿದವರು ಮತ್ತೆ ದಾವಣಗೆರೆಯಲ್ಲಿ ಸೇರುತ್ತಾರಂತೆ. ಈಗ ಅವರ ಶಿಷ್ಯರ ಶಿಷ್ಯರೂ ಬರುತ್ತಾರಂತೆ. ಕನ್ನಡದ ಭಾಗ ಬರೆದವರಿಗೆ ಒಂದು ಶಾಲು ಹೊದಿಸಬೇಕೆಂದಿದ್ದಾರೆ. ಅಷ್ಟು ಜನರ ಮುಂದೆ, ಈ ವಯಸ್ಸಿನಲ್ಲಿ, ಇನ್ನೊಂದು ಸಲ — ಆಗುವುದಿಲ್ಲ. ಲತಾಗೆ ಇವತ್ತು ಬೆಳಿಗ್ಗೆ ಎರಡೇ ಸಾಲು ಬರೆದು ಕಳಿಸಿದೆ, ಅದನ್ನು ಬರೆದವಳು ಗಿರಿಜಾ ಅಂತ ಒಂದು, ಅವಳ ಅಂಗಡಿಯ ವಿಳಾಸ ಇನ್ನೊಂದು. ಕಳಿಸಿದ ಮೇಲೆ ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಬಹಳ ಹೊತ್ತು ಕೂತಿದ್ದೆ.

ಅವಳಿಂದ ಕಿತ್ತುಕೊಂಡದ್ದು ಒಂದು ಸಾಲು ಮಾತ್ರ ಅಲ್ಲ, ಒಂದು ಬದುಕು. ಅದನ್ನು ವಾಪಸ್ ಕೊಡುವ ದಾರಿ ಯಾವುದೂ ನನಗೆ ಕಾಣುತ್ತಿಲ್ಲ.

ಈ ಹಾಳೆಗಳನ್ನು ನಾಳೆ ನಾನೇ ಹರಿಹರಕ್ಕೆ ಒಯ್ಯುತ್ತೇನೆ. ಅಚ್ಚು ಹಾಕಿಸಲು ಪತ್ರಿಕೆಗೆ ಕೊಡುವ ಮುಂಚೆ ಅವಳು ಓದಬೇಕು, ಓದುವಾಗ ನಾನು ಎದುರಿಗೆ ಕೂತಿರಬೇಕು. ಬಳೆ ಅಂಗಡಿಗೆ ನುಗ್ಗಬಾರದು. ಅವಳು ಬೈದರೆ ಕೇಳಿಸಿಕೊಳ್ಳುತ್ತೇನೆ. ಅಂಗಡಿಯ ಜನರ ಮುಂದೆ ಎದ್ದು ಹೋಗ್ರಿ ಅಂದರೆ ಎದ್ದು ಬರುತ್ತೇನೆ. ಆದರೆ ಗಿರಿಜಾ ಹಾಳೆ ಮಡಚಿ ಕೈಗೆ ಕೊಟ್ಟು, "ಇರ್ಲಿ ಬಿಡ್ರಿ ಟೀಚರ್, ಕೂಡ್ರಿ, ಚಾ ತರಿಸ್ತೀನಿ" ಅಂದುಬಿಟ್ಟರೆ — ಅದಕ್ಕೇ ನನಗೆ ಹೆದರಿಕೆ.